ನೆಗ್ರಿಟ್ಯೂಡ್: ಬೈಗುಳದಿಂದ ಹುಟ್ಟಿದ ಒಂದು ಪದ

ಮಂಗಳೂರಿನ ಸ್ಟೇಟ್ ಬ್ಯಾಂಕ್ ನಿಲ್ದಾಣದಿಂದ ಕೊಣಾಜೆಗೆ ಹೋಗುವ ಬಸ್ಸು. ಪಂಪ್‌ವೆಲ್‌ನಲ್ಲಿ ಒಬ್ಬ ಆಫ್ರಿಕನ್ ವಿದ್ಯಾರ್ಥಿ ಹತ್ತಿದ. ತುಂಬಾ ಎತ್ತರದ ಆಳು. ಕಂಬಿ ಹಿಡಿದು ತಲೆ ತಗ್ಗಿಸಿ ನಿಂತ. ಹಿಂದಿನ ಸೀಟಿನಿಂದ ಯಾರೋ ತುಳುವಿನಲ್ಲಿ ಏನೋ ಅಂದರು. ನಾಲ್ಕು ಜನ ಕಿಸಕ್ಕೆಂದರು. ಸುಮ್ನೆ ನಾನೂ ಸ್ವಲ್ಪ ನಕ್ಕೆ. ತೊಕ್ಕೊಟ್ಟು ಬರುವಷ್ಟರಲ್ಲಿ ಅದನ್ನು ಮರೆತೂ ಬಿಟ್ಟೆ.

ಎಷ್ಟೋ ದಿನದ ಮೇಲೆ ಅದು ಮತ್ತೆ ನೆನಪಾದದ್ದು ಒಂದು ಕವಿತೆ ಓದುವಾಗ. ಕೆರಿಬಿಯನ್ ಕಡಲಲ್ಲಿ ಫ್ರೆಂಚರ ಕೈಯಲ್ಲಿದ್ದ ಮಾರ್ಟಿನಿಕ್ ದ್ವೀಪದ ಕವಿ ಏಮೆ ಸೆಸೇರ್ 1939ರಲ್ಲಿ ಪ್ರಕಟಿಸಿದ ನೀಳ್ಗವಿತೆ ಅದು. ಹುಟ್ಟೂರಿಗೆ ಮರಳುವುದೇ ಅದರ ವಸ್ತು. ಅದರಲ್ಲೊಂದು ಟ್ರಾಮ್ ಬರುತ್ತದೆ. ದೊಡ್ಡ ಮೈಯ, ಹರಕಲು ಬಟ್ಟೆಯ ಒಬ್ಬ ಕರಿಯ ಕೂತಿದ್ದಾನೆ. ಹಿಂದಿನ ಹೆಂಗಸರು ಅವನನ್ನು ನೋಡಿ ನಗುತ್ತಾರೆ. ಕವಿತೆಯ 'ನಾನು' ಕೂಡ ಕರಿಯನೇ. ಆದರೂ ಅವರ ಜೊತೆ ಸೇರಿ ನಗುತ್ತಾನೆ. ಆಮೇಲೆ ಇದು ನನ್ನ ಹೇಡಿತನ ಅಂತ ತಾನೇ ಹೇಳಿಕೊಳ್ಳುತ್ತಾನೆ. ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ನೆಗ್ರಿಟ್ಯೂಡ್ ಅನ್ನುವ ಪದದ ಅರ್ಥ ಆ ಟ್ರಾಮಿನಿಂದಲೇ ಶುರುವಾಗುತ್ತದೆ ಅಂತ ನನಗನಿಸುತ್ತದೆ. ಆ ನಗುವಿಗೆ ಜೊತೆ ಕೊಡುವುದನ್ನು ನಿಲ್ಲಿಸಿದಾಗ ಉಳಿಯುವುದೇ ನೆಗ್ರಿಟ್ಯೂಡ್.

ಪದ ಬಿಡಿಸೋಣ. ಕೊನೆಯ 'ಇಟ್ಯೂಡ್' ನಮ್ಮ ಬಡತನ, ದೊಡ್ಡತನಗಳಲ್ಲಿ ಇರುವ 'ತನ'. ಮುಂದಿನ ತುಂಡು ಫ್ರೆಂಚಿನ 'ನೆಗ್ರ್'. ಕಪ್ಪು ಬಣ್ಣಕ್ಕೆ ಫ್ರೆಂಚಿನಲ್ಲಿ ಬೇರೆ ಪದ ಉಂಟು, 'ನ್ವಾರ್'. 'ನೆಗ್ರ್' ಹಾಗಲ್ಲ. ಗುಲಾಮರ ವ್ಯಾಪಾರದ ವಾಸನೆ ಇನ್ನೂ ಬಿಡದ ಪದ, ಮುಖಕ್ಕೆ ಎಸೆಯುವ ಬೈಗುಳ. ಹಾಗಾಗಿ 'ಕಪ್ಪುತನ' ಅಂತ ಅನುವಾದಿಸಿದರೆ ಉಪ್ಪು, ಖಾರ ಎರಡೂ ಹೋಗುತ್ತದೆ. 'ಕರಿಯತನ' ಸ್ವಲ್ಪ ಹತ್ತಿರ. ಶಾಲೆಯಲ್ಲಿ 'ಏ ಕರಿಯಾ' ಅಂತ ಕರೆಸಿಕೊಂಡವರಿಗೆ ವ್ಯತ್ಯಾಸ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

1930ರ ದಶಕದ ಪ್ಯಾರಿಸ್‌ನಲ್ಲಿ ಓದುತ್ತಿದ್ದ ಮೂವರು ಈ ಪದವನ್ನು ಒಂದು ಸಾಹಿತ್ಯ ಚಳವಳಿಯಾಗಿ ಬೆಳೆಸಿದರು: ಸೆಸೇರ್, ಸೆನೆಗಲ್‌ನ ಲಿಯೊಪಾಲ್ಡ್ ಸೆಂಘೋರ್, ಫ್ರೆಂಚ್ ಗಯಾನಾದ ಲಿಯಾನ್ ದಮಾಸ್. ಸೆಂಘೋರ್ ಮುಂದೆ 1960ರಲ್ಲಿ ಸ್ವತಂತ್ರ ಸೆನೆಗಲ್‌ನ ಮೊದಲ ಅಧ್ಯಕ್ಷರಾದರು. ಮೂವರ ಹೆಸರು ಎಲ್ಲರೂ ಹೇಳುತ್ತಾರೆ. ಅವರಿಗಿಂತ ಮೊದಲೇ ತಮ್ಮ ಮನೆಯಲ್ಲಿ ಕಪ್ಪು ಬರಹಗಾರರನ್ನು ಕೂಡಿಸಿ ಮಾತಿಗೆ ಹಚ್ಚಿದ ಮಾರ್ಟಿನಿಕ್‌ನ ಪಾಲೆಟ್ ನಾರ್ದಾಲ್ ಮತ್ತು ಅವರ ತಂಗಿಯರನ್ನು ಮರೆಯುತ್ತಾರೆ.

ಈ ಪದಕ್ಕೂ ಕರಿಯರ ಬಿಡುಗಡೆಗೂ ಏನು ನಂಟು? ಸೆಸೇರ್ ಕವಿತೆಯಲ್ಲಿ ನೆಗ್ರಿಟ್ಯೂಡ್ ಮೊದಲ ಸಲ ಎದ್ದು ನಿಂತದ್ದು ಹೈಟಿಯಲ್ಲಿ. ಅಲ್ಲಿ ಗುಲಾಮರೇ ದಂಗೆ ಎದ್ದರು, 1804ರಲ್ಲಿ ದೇಶ ಸ್ವತಂತ್ರವಾಯಿತು. ಕವಿತೆಯ ಕೊನೆಯ ಹೊತ್ತಿಗೆ ಗುಲಾಮರ ಹಡಗಿನ ತಳದಲ್ಲಿ ಕುಕ್ಕರಿಸಿದ್ದವರೆಲ್ಲ ಏಳುತ್ತಾರೆ. 'ನಿಂತು' ಅನ್ನುವ ಒಂದೇ ಪದ ಸಾಲಿನ ಮೇಲೆ ಸಾಲು ಬರುತ್ತದೆ. ಹಡಗಿನ ತಳದಲ್ಲಿ ನಿಂತು, ಮೇಲಟ್ಟದಲ್ಲಿ ನಿಂತು, ಗಾಳಿಯಲ್ಲಿ ನಿಂತು. ಯಾರ ಹತ್ತಿರವೂ ಸಮಾನತೆ ಕೊಡಿ ಅಂತ ಕೇಳುವುದಿಲ್ಲ. ನಿಲ್ಲುವುದೇ ಅಲ್ಲಿ ಬೇಡಿಕೆ.

ಟೀಕೆಯೂ ಬಂತು. ಆಫ್ರಿಕನ್ನರದ್ದು ಭಾವನೆ, ಯುರೋಪಿನದ್ದು ಬುದ್ಧಿ ಅನ್ನುವ ಅರ್ಥದಲ್ಲಿ ಸೆಂಘೋರ್ ಬರೆದದ್ದು ಹಲವರಿಗೆ ಸೇರಲಿಲ್ಲ. ನನಗೂ ಸೇರುವುದಿಲ್ಲ. ಅದು ಯಜಮಾನನ ಮಾತನ್ನೇ ಹೊಗಳಿಕೆ ಮಾಡಿದ ಹಾಗಾಯಿತು. ಹುಲಿ ತನ್ನ ಹುಲಿತನ ಸಾರುತ್ತಾ ತಿರುಗುವುದಿಲ್ಲ, ಎರಗುತ್ತದೆ ಅಂತ ನೈಜೀರಿಯಾದ ವೋಲೆ ಸೋಯಿಂಕಾ ಕುಟುಕಿದರು. (ನವರಾತ್ರಿಗೆ ತಾಸೆ ಬಡಿಸಿಕೊಂಡು ಮಂಗಳೂರೆಲ್ಲ ಸುತ್ತುವ ನಮ್ಮ ಹುಲಿವೇಷಗಳ ಎದುರು ಈ ಮಾತು ಸ್ವಲ್ಪ ಕಷ್ಟ.)

ಕನ್ನಡದಲ್ಲಿ ಇದಕ್ಕೆ ಹತ್ತಿರದ ಕೆಲಸ ಮಾಡಿದ್ದು ಸಿದ್ಧಲಿಂಗಯ್ಯ. 1975ರ ಅವರ ಸಂಕಲನದ ಹೆಸರೇ 'ಹೊಲೆಮಾದಿಗರ ಹಾಡು'. ಬೈಗುಳವಾಗಿದ್ದ ಜಾತಿ ಹೆಸರನ್ನು ನೇರವಾಗಿ ಮುಖಪುಟಕ್ಕೆ ತಂದರು. ಅದಕ್ಕೂ ಮುಂಚೆ, 1933ರಲ್ಲೇ, ನಮ್ಮ ಜಿಲ್ಲೆಯಲ್ಲಿ ಶಿವರಾಮ ಕಾರಂತರ ಚೋಮ ದುಡಿ ಬಾರಿಸಿದ್ದ, ನಿಜ. ಆದರೆ ಚೋಮನ ಕಥೆ ಹೇಳಿದ್ದು ಬೇರೆಯವರು. ನೆಗ್ರಿಟ್ಯೂಡ್‌ನಲ್ಲಿ 'ನಾನು' ಅನ್ನುವವನೇ ಹೇಳಬೇಕು.

ಬಣ್ಣ ಬೇರೆ, ಜಾತಿ ಬೇರೆ. ಎರಡನ್ನೂ ಒಂದೇ ಚೀಲಕ್ಕೆ ತುಂಬುವುದು ಬೇಡ. ಆದರೂ ಆ 'ನಿಂತು' ಓದುವಾಗ ನನಗೆ ಕಂಬಳ ನೆನಪಾಯಿತು. ಕಂಬಳದ ಹಿಂದಿನ ರಾತ್ರಿ ಇಲ್ಲಿನ ಕೊರಗ ಸಮುದಾಯದವರನ್ನು ಗದ್ದೆಯ ಬಳಿ ಇಬ್ಬನಿಯಲ್ಲಿ ಕೂರಿಸಿ ಅವರಿಂದ ಡೋಲು ಬಡಿಸುವ ರೂಢಿಯಿತ್ತು. ಕೊರಗರನ್ನು ಕೀಳಾಗಿ ನಡೆಸಿಕೊಳ್ಳುವ ಇಂಥ 'ಅಜಲು' ಪದ್ಧತಿಯನ್ನು ಸರಕಾರ 2000ದಲ್ಲಿ ಕಾಯ್ದೆ ತಂದು ನಿಷೇಧಿಸಿತು. ಆ ರೂಢಿಗೆ ತುಳುವಿನಲ್ಲಿ ಇದ್ದ ಹೆಸರು 'ಪನಿ ಕುಲ್ಲುನಿ'. ಪನಿ ಅಂದರೆ ಇಬ್ಬನಿ. ಕುಲ್ಲುನಿ ಅಂದರೆ ಕೂತುಕೊಳ್ಳುವುದು.