ಉದ್ದೀಪನ ಮದ್ದು ಸೇವನೆ: ಮೂರು ಪದ, ಮೂರೂ ದಾರಿ ತಪ್ಪಿಸುವಂಥವು

ಟೆನಿಸ್ ಆಟಗಾರ ಯಾನಿಕ್ ಸಿನ್ನರ್ ‘ಉದ್ದೀಪನ ಮದ್ದು ಸೇವಿಸಿ’ ಮೂರು ತಿಂಗಳು ಹೊರಗಿದ್ದರು ಎಂಬ ವಾಕ್ಯ ಪತ್ರಿಕೆಯಲ್ಲಿ ಮತ್ತೆ ಕಣ್ಣಿಗೆ ಬಿತ್ತು. ರೋಹನ್ ಬೋಪಣ್ಣನವರ ಆಟ ನೋಡಿಕೊಂಡು ಬಂದ ಕೊಡಗಿನಲ್ಲಿ ಟೆನಿಸ್ ಸುದ್ದಿಯನ್ನು ಕೊನೆಯ ಸಾಲಿನವರೆಗೂ ಓದುವವರಿದ್ದಾರೆ. ಅವರಿಗೆ ಈ ವಾಕ್ಯ ಕೊಡುವುದು ತಪ್ಪು ಚಿತ್ರ. ಅದರ ಮೂರು ಪದಗಳೂ ದಾರಿ ತಪ್ಪಿಸುವಂಥವೇ.

ಮೊದಲು ‘ಉದ್ದೀಪನ’. ಧಾತು ದೀಪದ್ದೇ. ದೀಪ್ ಎಂದರೆ ಉರಿ, ಬೆಳಗು. ‘ಉತ್’ ಸೇರಿದರೆ ಕೆದಕಿ ಉರಿಸುವುದು. ಕಾವ್ಯಮೀಮಾಂಸೆಯಲ್ಲಿ ಇದರ ಜಾಗ ಖಚಿತ: ಭಾವಕ್ಕೆ ಆಧಾರವಾದ ನಾಯಕ ನಾಯಿಕೆಯರು ಆಲಂಬನ ವಿಭಾವ, ಬೆಳದಿಂಗಳು, ತಂಗಾಳಿ, ಕೋಗಿಲೆಯ ದನಿ ಉದ್ದೀಪನ ವಿಭಾವ. ಒಳಗೆ ಇರುವ ಭಾವವನ್ನು ಕೆರಳಿಸುವುದಷ್ಟೇ ಅದರ ಕೆಲಸ. ಹಾಗಾಗಿ ನರಮಂಡಲವನ್ನು ಕೆರಳಿಸುವ ಕೊಕೇನ್, ಆಂಫೆಟಮಿನ್‌ಗಳಿಗೆ ‘ಉದ್ದೀಪಕ’ ಎಂಬ ಹೆಸರು ಒಪ್ಪುತ್ತದೆ. ಮೂಲ ಇಂಗ್ಲಿಷ್ ಪದ ‘ಡೋಪ್’ನಲ್ಲಿ ಈ ಅರ್ಥದ ಸುಳಿವೇ ಇಲ್ಲ. ಅದು ಡಚ್ಚರ ‘ದೋಪ್’, ಅಂದರೆ ಅದ್ದಿಕೊಂಡು ತಿನ್ನುವ ಗಟ್ಟಿ ಗೊಜ್ಜು. ಆಮೇಲೆ ಅಫೀಮಿನ ಪಾಕಕ್ಕೆ ಆ ಹೆಸರು ಬಂತು, ಅಲ್ಲಿಂದ ರೇಸ್ ಕುದುರೆಗಳಿಗೆ ಕೊಡುವ ಮದ್ದಿಗೆ. ಕುದುರೆ ಸೋಲಲೆಂದು ಅದನ್ನು ಮಂಕಾಗಿಸುವ ಮದ್ದೂ ಡೋಪೇ ಆಗಿತ್ತು.

ಕ್ರೀಡೆಯಲ್ಲಿ ಡೋಪಿಂಗ್ ತಡೆಯುವ ವಿಶ್ವ ಸಂಸ್ಥೆ ವಾಡಾದ ನಿಷೇಧಿತ ಪಟ್ಟಿಯಲ್ಲಿ ಉದ್ದೀಪಕಗಳದ್ದು ಒಂದೇ ಒಂದು ವರ್ಗ, ಎಸ್6. ಟೆನಿಸ್‌ನ ದೊಡ್ಡ ಸುದ್ದಿಗಳನ್ನು ಅದರ ಪಕ್ಕದಲ್ಲಿಟ್ಟು ನೋಡಿ. ಸಿನ್ನರ್ ಮಾದರಿಯಲ್ಲಿ ಸಿಕ್ಕ ಕ್ಲೋಸ್ಟೆಬಾಲ್ ಸ್ನಾಯು ಬೆಳೆಸುವ ಅನಬಾಲಿಕ್ ಸ್ಟೀರಾಯ್ಡ್, ಎಸ್1. ಸಿಮೋನಾ ಹಾಲೆಪ್ ಪ್ರಕರಣದ ರಾಕ್ಸಾಡುಸ್ಟಾಟ್ ಮೂತ್ರಪಿಂಡ ರೋಗಿಗಳ ರಕ್ತಹೀನತೆಗೆ ಕೊಡುವ ಔಷಧಿ, ಎಸ್2. ಮರಿಯಾ ಶರಪೋವಾ ಅವರ ಮೆಲ್ಡೋನಿಯಂ, ಇಗಾ ಶ್ವಿಯಾಂಟೆಕ್ ಅವರ ಟ್ರೈಮೆಟಾಜಿಡಿನ್ ಎರಡೂ ಹೃದಯದ ಔಷಧಿಗಳು, ಎಸ್4. ನಾಲ್ಕರಲ್ಲಿ ಒಂದೂ ಉದ್ದೀಪಕವಲ್ಲ. ನಿಜವಾದ ಉದ್ದೀಪಕ ಬೇಕೆಂದರೆ 2005ರ ಮರಿಯಾನೊ ಪುಯೆರ್ಟಾ, 2007ರ ಮಾರ್ಟಿನಾ ಹಿಂಗಿಸ್, 2013ರ ಮರಿನ್ ಚಿಲಿಚ್ ಪ್ರಕರಣಗಳಿಗೆ ಹೋಗಬೇಕು.

ಪದ ಯಾವುದಾದರೇನು ಎನ್ನುವವರಿಗೆ ಒಂದು ಮಾತು. ಎಸ್6 ವಸ್ತುಗಳಿಗೆ ನಿಷೇಧವಿರುವುದು ಸ್ಪರ್ಧೆಯ ಅವಧಿಯಲ್ಲಿ ಮಾತ್ರ. ಪಂದ್ಯದ ಹಿಂದಿನ ರಾತ್ರಿ 11.59ಕ್ಕೆ ಆ ಅವಧಿ ಶುರು. ಎಸ್1ರಿಂದ ಎಸ್5ರವರೆಗಿನವಕ್ಕೆ ವರ್ಷದ ಎಲ್ಲ ದಿನವೂ ನಿಷೇಧ. ಟ್ರೈಮೆಟಾಜಿಡಿನ್ 2014ರ ಪಟ್ಟಿಯಲ್ಲಿ ಉದ್ದೀಪಕವಾಗಿಯೇ ಇತ್ತು, 2015ರಲ್ಲಿ ಎಸ್4ಕ್ಕೆ ಸರಿಯಿತು. ಶ್ವಿಯಾಂಟೆಕ್ 2024ರ ಆಗಸ್ಟ್ 12ರಂದು ಕೊಟ್ಟ ಮಾದರಿ ಸ್ಪರ್ಧೆಯ ಹೊರಗಿನದು. ಆ ವಸ್ತು ಇನ್ನೂ ಉದ್ದೀಪಕಗಳ ವರ್ಗದಲ್ಲೇ ಇದ್ದಿದ್ದರೆ ಅಂದು ಮಾದರಿಯಲ್ಲಿ ಸಿಕ್ಕಿದ್ದಕ್ಕೆ ಪ್ರಕರಣವೇ ಏಳುತ್ತಿರಲಿಲ್ಲ. ವರದಿಗಾರ ಹಗುರಾಗಿ ಬಳಸುವ ಪದದ ಮೇಲೆ ಒಬ್ಬ ಆಟಗಾರ್ತಿಯ ಪ್ರಕರಣ ನಿಲ್ಲುತ್ತದೆ, ಬೀಳುತ್ತದೆ.

ಎರಡನೆಯದು ‘ಮದ್ದು’. ಹಳಗನ್ನಡದ ಮರ್ದು, ತಮಿಳಿನ ಮರುಂದು, ಮಲಯಾಳದ ಮರುನ್ನು ಎಲ್ಲ ಒಂದೇ ಬೇರಿನವು. ಇದರ ಹರವು ಕೊಡಗಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಕೊಡವರ ಕಕ್ಕಡ ತಿಂಗಳ ಹದಿನೆಂಟಕ್ಕೆ ಮದ್ದು ಸೊಪ್ಪಿನ ಪಾಯಸ, ಮರುದಿನ ಮೂತ್ರ ಕೆಂಪು. ಕೋವಿಗೆ ತುಂಬುವುದೂ ಮದ್ದು. ಕಾಫಿ ಗಿಡಕ್ಕೆ 200 ಲೀಟರ್ ನೀರಿಗೆ ಒಂದೊಂದು ಕಿಲೊ ಮೈಲುತುತ್ತ, ಸುಣ್ಣ ಬೆರೆಸಿ ಹೊಡೆಯುವ ಬೋರ್ಡೋ ದ್ರಾವಣವೂ ಮದ್ದೇ. ಇಷ್ಟು ಅಗಲವಾದ ಪದಕ್ಕೂ ಡೋಪಿಂಗ್ ಪೂರ್ತಿ ಒಳಗಾಗುವುದಿಲ್ಲ. ಟೆನಿಸ್ ಆಟಗಾರ ಮ್ಯಾಕ್ಸ್ ಪರ್ಸೆಲ್ ಹಾಕಿಸಿಕೊಂಡದ್ದು ವಿಟಮಿನ್ ಡ್ರಿಪ್. ವಿಟಮಿನ್‌ಗೆ ನಿಷೇಧವಿಲ್ಲ, 12 ಗಂಟೆಯಲ್ಲಿ 100 ಮಿಲಿಲೀಟರ್ ಮೀರಿ ರಕ್ತನಾಳಕ್ಕೆ ದ್ರವ ಏರಿಸುವುದಕ್ಕೆ, ಆಸ್ಪತ್ರೆ ಚಿಕಿತ್ಸೆಯಂಥ ಕಾರಣ ಬಿಟ್ಟರೆ, ನಿಷೇಧವಿದೆ. ಅವರಿಗೆ ಏರಿಸಿದ್ದು ಎರಡು ಸಲ, ಪ್ರತಿ ಸಲವೂ 500ಕ್ಕಿಂತ ಹೆಚ್ಚು. ಶಿಕ್ಷೆ 18 ತಿಂಗಳು. ತಪ್ಪು ವಿಧಾನದ್ದು, ವಸ್ತುವಿನದ್ದಲ್ಲ.

ಇನ್ನು ‘ಸೇವನೆ’. ಮೂರರಲ್ಲಿ ಹೆಚ್ಚು ಅನ್ಯಾಯ ಮಾಡುವುದು ಇದೇ, ಏಕೆಂದರೆ ಸೇವಿಸು ಎಂದ ಕೂಡಲೇ ತಿಳಿದು ಬಾಯಿಗೆ ಹಾಕಿಕೊಂಡ ಎಂಬ ಅರ್ಥ ಅಂಟಿಕೊಳ್ಳುತ್ತದೆ. ಸಿನ್ನರ್ ಪ್ರಕರಣದಲ್ಲಿ ವಿಚಾರಣಾ ಮಂಡಳಿ ಒಪ್ಪಿದ ವಿವರಣೆ ಹೀಗಿದೆ: ಅವರ ಫಿಸಿಯೋಥೆರಪಿಸ್ಟ್‌ನ ಬೆರಳಿಗೆ ಗಾಯವಾಗಿತ್ತು, ಅದಕ್ಕೆ ಕ್ಲೋಸ್ಟೆಬಾಲ್ ಇರುವ ಸ್ಪ್ರೇ ಹಾಕಿಕೊಂಡರು, ಕೈಗವಸಿಲ್ಲದೆ ಮಸಾಜ್ ಮಾಡಿದರು, ವಸ್ತು ಚರ್ಮದ ಮೂಲಕ ಮೈ ಸೇರಿತು. 2024ರ ಮಾರ್ಚ್‌ನ ಎರಡೂ ಮಾದರಿಗಳಲ್ಲಿ ಕಂಡದ್ದು ಮಿಲಿಲೀಟರ್‌ಗೆ 100 ಪಿಕೋಗ್ರಾಂಗಿಂತ ಕಡಿಮೆ. 100 ಮೀಟರ್ ಉದ್ದ, 50 ಮೀಟರ್ ಅಗಲ, 2 ಮೀಟರ್ ಆಳದ ತೋಟದ ಕೆರೆಗೆ ಒಂದು ಗ್ರಾಂ ಹಾಕಿ ಕಲಕಿದರೆ ಅಷ್ಟೇ ಆಗುತ್ತದೆ. ಮಂಡಳಿ ಆಗಸ್ಟ್‌ನಲ್ಲಿ ದೋಷವಿಲ್ಲ ಎಂದಿತು. ವಾಡಾ ಮೇಲ್ಮನವಿಗೆ ಹೋಯಿತು. 2025ರ ಫೆಬ್ರವರಿಯಲ್ಲಿ ಮೂರು ತಿಂಗಳಿಗೆ ಒಪ್ಪಂದವಾಯಿತು. ಮೂರು ತಿಂಗಳು ಬಂದದ್ದು ತನ್ನ ತಂಡದವರ ಅಜಾಗ್ರತೆಗೆ ಆಟಗಾರನೇ ಹೊಣೆ ಎಂಬ ಕಾರಣಕ್ಕೆ.

ನಿಯಮದ ಭಾಷೆ ಇಲ್ಲಿ ಪತ್ರಿಕೆಗಿಂತ ಸ್ವಚ್ಛವಾಗಿದೆ. ಮಾದರಿಯಲ್ಲಿ ನಿಷೇಧಿತ ವಸ್ತುವಿನ ‘ಇರುವಿಕೆ’ ಒಂದು ಉಲ್ಲಂಘನೆ, ‘ಬಳಕೆ’ ಇನ್ನೊಂದು. ಮೊದಲನೆಯದಕ್ಕೆ ಉದ್ದೇಶ ಸಾಬೀತಾಗಬೇಕಿಲ್ಲ. ಉದ್ದೇಶದ ಪ್ರಶ್ನೆ ಬರುವುದು ಶಿಕ್ಷೆ ಎಷ್ಟು ಎಂದು ಅಳೆಯುವಾಗ. ‘ನಿಷೇಧಿತ ವಸ್ತು ಪತ್ತೆ’ ಎಂದು ಬರೆದರೆ ಜಾಗವೂ ಕಡಿಮೆ ಸಾಕು, ಸುಳ್ಳೂ ಆಗುವುದಿಲ್ಲ.

ಏನೂ ಪತ್ತೆಯಾಗದ ಪ್ರಕರಣಗಳಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಪ್ರಮುಖ ಆಟಗಾರರು ಪ್ರತಿದಿನ 60 ನಿಮಿಷ ತಾವು ಎಲ್ಲಿರುತ್ತೇವೆಂದು ಮೊದಲೇ ತಿಳಿಸಿರಬೇಕು. ಆ ಹೊತ್ತಿಗೆ ಪರೀಕ್ಷೆಗೆ ಬಂದ ಅಧಿಕಾರಿಗೆ ಅವರು ಸಿಗದಿದ್ದರೆ ಒಂದು ಲೋಪ. 12 ತಿಂಗಳಲ್ಲಿ ಮೂರಾದರೆ ಉಲ್ಲಂಘನೆ. ಜೆನ್ಸನ್ ಬ್ರೂಕ್ಸ್‌ಬಿ ಅವರಿಗೆ ಆದದ್ದು ಇದು. 18 ತಿಂಗಳ ಶಿಕ್ಷೆ ಆಮೇಲೆ 13ಕ್ಕೆ ಇಳಿಯಿತು. ಇದಕ್ಕೆ ‘ಪರೀಕ್ಷೆ ತಪ್ಪಿಸಿಕೊಂಡರು’ ಎಂದು ಬರೆಯಬಾರದು. ತಪ್ಪಿಸಿಕೊಳ್ಳುವುದು ಬೇರೆಯೇ ಕಲಮು, ಶಿಕ್ಷೆ ನಾಲ್ಕು ವರ್ಷದವರೆಗೆ. ಅವರ ವಿಷಯದಲ್ಲಿ ಪರೀಕ್ಷೆ ‘ತಪ್ಪಿಹೋಯಿತು’.