ಖೀಮಾ ತಿಂದ ಹದ್ದಿನ ಮರಿಗೆ ಕಾಲು ಯಾಕೆ ಸೊಟ್ಟ?

ಬೇಸಿಗೆಯ ಗಾಳಿಮಳೆಗೆ ವಿಜಯಪುರದಲ್ಲಿ ಮರದಿಂದ ಹದ್ದಿನ ಮರಿ ಬಿದ್ದರೆ, ಎತ್ತಿ ತಂದು ಸಾಕುವ ಒಳ್ಳೆ ಮನಸ್ಸಿನವರು ಇದ್ದೇ ಇರುತ್ತಾರೆ. ಮಟನ್ ಅಂಗಡಿಯಿಂದ ಖೀಮಾ ತರುತ್ತಾರೆ. ಗಂಟಲಿಗೆ ಸಿಕ್ಕೀತು ಅಂತ ಎಲುಬಿನ ಚೂರು ಆರಿಸಿ ತೆಗೆಯುತ್ತಾರೆ. ಕೆಲವು ವಾರಗಳಲ್ಲಿ ಮರಿ ಮೈತುಂಬಿಕೊಳ್ಳುತ್ತದೆ, ಆದರೆ ಎದ್ದು ನಿಲ್ಲುವುದಿಲ್ಲ. ಕಾಲು ಹೊರಕ್ಕೆ ಬಾಗಿ, ಕೂತಲ್ಲೇ ಕೂತಿರುತ್ತದೆ. ಆಗ ಶುರುವಾಗುತ್ತದೆ: ಗರುಡನ ಜಾತಿ, ಮನೇಲಿಟ್ಟಿದ್ದೇ ತಪ್ಪು, ಯಾರದೋ ದೃಷ್ಟಿ ತಾಗಿದೆ. ದೃಷ್ಟಿಯೂ ಇಲ್ಲ, ಗಿಷ್ಟಿಯೂ ಇಲ್ಲ. ಆರಿಸಿ ಎಸೆದ ಆ ಎಲುಬೇ ಅದಕ್ಕೆ ಬೇಕಿತ್ತು.

ಹದ್ದು ಮಾಂಸಾಹಾರಿ ನಿಜ. ಆದರೆ ಅದು ಇಲಿ, ಓತಿಕ್ಯಾತ ತಿನ್ನುವಾಗ ಎಲುಬನ್ನೂ ನುಂಗುತ್ತದೆ. ಹೊಟ್ಟೆಯ ಆಮ್ಲ ಅದನ್ನು ಕರಗಿಸುತ್ತದೆ, ಎಲುಬಿನ ಕ್ಯಾಲ್ಸಿಯಂ ಮೈಗೆ ಸೇರುತ್ತದೆ. ಬರೀ ಮಾಂಸದ ಲೆಕ್ಕವೇ ಬೇರೆ. 100 ಗ್ರಾಂ ಕೋಳಿಯ ಎದೆಮಾಂಸದಲ್ಲಿ ರಂಜಕ (ಫಾಸ್ಫರಸ್) 200 ಮಿಲಿಗ್ರಾಂ ಆಸುಪಾಸು, ಕ್ಯಾಲ್ಸಿಯಂ 20 ಕೂಡ ಇಲ್ಲ. ಸಾಲದ್ದಕ್ಕೆ, ರಂಜಕ ಜಾಸ್ತಿಯಾದರೆ ಇದ್ದ ಕ್ಯಾಲ್ಸಿಯಂ ಕೂಡ ಮೈಗೆ ಹತ್ತುವುದಿಲ್ಲ.

ರಕ್ತದಲ್ಲಿ ಕ್ಯಾಲ್ಸಿಯಂ ಇಳಿದರೆ ಹೃದಯ, ನರ, ಸ್ನಾಯು ಎಲ್ಲವೂ ಹದ ತಪ್ಪುತ್ತವೆ. ಹಾಗಾಗಿ ಕುತ್ತಿಗೆ ಹತ್ತಿರದ ಪ್ಯಾರಾಥೈರಾಯ್ಡ್ ಗ್ರಂಥಿಗಳು ಹಾರ್ಮೋನ್ ಬಿಟ್ಟು ಎಲುಬಿನಿಂದ ಕ್ಯಾಲ್ಸಿಯಂ ತೆಗೆಸುತ್ತವೆ. ಬರಗಾಲದಲ್ಲಿ ನಮ್ಮ ಹಿರಿಯರು ಹಗೇವಿನ ಜೋಳ ತೆಗೆದ ಹಾಗೆ. ಇಲ್ಲಿ ಹಗೇವು ತುಂಬುವವರು ಯಾರೂ ಇಲ್ಲ, ತೆಗೆಯುವುದು ಮಾತ್ರ ದಿನಾ ನಡೆದಿದೆ. ರಕ್ತ ಪರೀಕ್ಷೆ ಮಾಡಿದರೆ ಕ್ಯಾಲ್ಸಿಯಂ ಸರಿಯಾಗೇ ಕಾಣಬಹುದು. ಎಲುಬು ಮಾತ್ರ ಮೆತ್ತಗಾಗಿ ಮೈಭಾರಕ್ಕೇ ಬಾಗುತ್ತದೆ, ಮುರಿಯುತ್ತದೆ.

ಮನುಷ್ಯರು ಸಾಕದೆಯೂ ಇದು ಆಗುತ್ತದೆ. 1970ರ ದಶಕದಲ್ಲಿ ದಕ್ಷಿಣ ಆಫ್ರಿಕಾದ ಕೇಪ್ ರಣಹದ್ದುಗಳ ಮರಿಗಳು ಗೂಡಿನಲ್ಲೇ ರೆಕ್ಕೆ ಮುರಿದುಕೊಳ್ಳುತ್ತಿದ್ದವು. ರಣಹದ್ದುಗಳ ಅಧ್ಯಯನ ಮಾಡುತ್ತಿದ್ದ ಪೀಟರ್ ಮಂಡಿ, ಜಾನ್ ಲೆಡ್ಜರ್ ಕಾರಣ ಹುಡುಕಿದರು. ರಣಹದ್ದಿನ ಕೊಕ್ಕಿಗೆ ದನದ ಎಲುಬು ಒಡೆಯಲು ಆಗುವುದಿಲ್ಲ. ಒಡೆಯುತ್ತಿದ್ದುದು ಕತ್ತೆಕಿರುಬ. ಅದು ಬಿಟ್ಟುಹೋದ ಚೂರುಗಳನ್ನು ತಂದೆತಾಯಿ ಮರಿಗೆ ಒಯ್ಯುತ್ತಿದ್ದವು. ದನ ಸಾಕುವವರು ಕತ್ತೆಕಿರುಬಗಳನ್ನು ಕೊಂದು ಮುಗಿಸಿದ ಕಡೆ ಚೂರು ಸಿಗಲಿಲ್ಲ. ಪಾಪ, ಎಲುಬು ಅಂದುಕೊಂಡು ಪಿಂಗಾಣಿ, ಗಾಜಿನ ಚೂರು ಗೂಡಿಗೆ ತರುತ್ತಿದ್ದವು! ಸತ್ತ ದನದ ಎಲುಬು ಜಜ್ಜಿ ಇಡತೊಡಗಿದ ಮೇಲೆ ಸೊಟ್ಟ ಮರಿಗಳು ಕಡಿಮೆಯಾದವು. ನಾವು ಅಸಹ್ಯಪಡುವ ಕತ್ತೆಕಿರುಬ ಮಾಡುತ್ತಿದ್ದ ಕೆಲಸ ಇದು.

ಅಂದಹಾಗೆ, ನಮ್ಮ ದೇಶದ ರಣಹದ್ದುಗಳು ಸತ್ತದ್ದು ಈ ರೋಗದಿಂದ ಅಲ್ಲ, ದನಗಳಿಗೆ ಕೊಟ್ಟ ಡೈಕ್ಲೋಫೆನಾಕ್ ಔಷಧಿಯಿಂದ. ಎರಡನ್ನೂ ಬೆರೆಸಬೇಡಿ.

ಮರಿ ಸಿಕ್ಕರೆ ಅರಣ್ಯ ಇಲಾಖೆಗೆ ಫೋನ್ ಮಾಡಿ. ಹದ್ದನ್ನು ಮನೇಲಿ ಸಾಕುವುದು ಕಾನೂನಿಗೂ ವಿರುದ್ಧ. ಅವರು ಬರುವ ತನಕ ಗಾಳಿಯಾಡುವ ರಟ್ಟಿನ ಡಬ್ಬಿಯಲ್ಲಿಡಿ, ಹಾಲು ಮಾತ್ರ ಕುಡಿಸಬೇಡಿ.