ಬ್ಲೇಜನ್ ಓದುವ ಬಗೆ: 617ನೇ ಸ್ಕ್ವಾಡ್ರನ್ನಿನ ಲಾಂಛನ ಬಿಡಿಸಿ ನೋಡಿದರೆ

ಬ್ರಿಟನ್ನಿನ ರಾಯಲ್ ಏರ್ ಫೋರ್ಸ್ ಸ್ಕ್ವಾಡ್ರನ್ನುಗಳ ಲಾಂಛನಕ್ಕೆಲ್ಲ ಚೌಕಟ್ಟು ಒಂದೇ: ಮೇಲೆ ಕಿರೀಟ, ಸುತ್ತ ಹೆಸರು–ಸಂಖ್ಯೆಯ ಬಳೆ, ಕೆಳಗೆ ಧ್ಯೇಯವಾಕ್ಯದ ಪಟ್ಟಿ. ನಡುವಿನ ಚಿತ್ರ ಮಾತ್ರ ಆಯಾ ಸ್ಕ್ವಾಡ್ರನ್ನಿನದು. ಆ ಚಿತ್ರವನ್ನು ಮಾತಿನಲ್ಲಿ ಹೇಳುವ ವರ್ಣನೆಯೇ ಬ್ಲೇಜನ್.

617ರದು ಹೀಗಿದೆ: ವೃತ್ತದ ಮೇಲೆ 'ಇನ್ ಫೆಸ್' ಗೋಡೆ, ಅದನ್ನು ಒಡೆದಿರುವ 'ಇನ್ ಪೈಲ್' ಮೂರು ಮಿಂಚು, ಒಡಕಿನಿಂದ ಹೊರಡುವ 'ಪ್ರಾಪರ್' ನೀರು. ಪ್ರಾಪರ್ ಎಂದರೆ ಸಹಜ ಬಣ್ಣ.

ಎಲ್ಲರೂ ಎಡವುವುದು 'ಇನ್' ಪದದಲ್ಲಿ. ಫೆಸ್ ಅಂದರೆ ನಡುವೆ ಹಾಯುವ ಅಡ್ಡಪಟ್ಟಿ. ಪೈಲ್ ಅಂದರೆ ಮೇಲೆ ಅಗಲವಾಗಿದ್ದು ಕೆಳಗೆ ಚೂಪಾಗುವ ಬೆಣೆ. ಇವು ಒಂಟಿಯಾಗಿ ಬಂದರೆ ಆ ಆಕಾರವನ್ನೇ ಬರೆಯಬೇಕು. ಹಿಂದೆ 'ಇನ್' ಸೇರಿತೋ, ಆಕಾರ ಬರೆಯುವಂತಿಲ್ಲ. ಬೇರೆ ವಸ್ತುವನ್ನು ಆ ಆಕಾರ ಇರಬೇಕಾದ ಜಾಗದಲ್ಲಿ, ಅದೇ ಜೋಡಣೆಯಲ್ಲಿ ಇಡಬೇಕು. ಹಾಗಾಗಿ ಇಲ್ಲಿ ಪಟ್ಟಿಯೂ ಇಲ್ಲ, ಬೆಣೆಯೂ ಇಲ್ಲ. ಗೋಡೆ ನಡುವೆ ಅಡ್ಡಲಾಗಿ ನಿಲ್ಲುತ್ತದೆ. ಮಿಂಚುಗಳು ಮೇಲೆ ದೂರ ದೂರ ಹೊರಟು ಕೆಳಗೆ ಒಂದೆಡೆಗೆ ಕೂಡುತ್ತವೆ. ಮೂರನ್ನೂ ಸಮಾನಾಂತರವಾಗಿ ಬರೆದರೆ ತಪ್ಪು. ಬೆಣೆ ಬರೆದು ಅದರೊಳಗೆ ಮಿಂಚು ತುಂಬಿದರೂ ತಪ್ಪೇ.

ಅರ್ಥ ನೇರವಾಗಿದೆ. 1943ರ ಮೇ 16–17ರ ರಾತ್ರಿ ಈ ಸ್ಕ್ವಾಡ್ರನ್ ಜರ್ಮನಿಯ ಮೋನೆ, ಏಡರ್ ಅಣೆಕಟ್ಟುಗಳನ್ನು ಒಡೆಯಿತು. ಧ್ಯೇಯವಾಕ್ಯ ಲ್ಯಾಟಿನ್ ಅಲ್ಲ, ಫ್ರೆಂಚ್: 'ಆಪ್ರೆ ಮ್ವಾ ಲ ದೆಲ್ಯೂಜ್', ನನ್ನ ನಂತರ ಪ್ರಳಯ. ಚಿತ್ರವೂ ಮಾತೂ ಇಷ್ಟು ಬಿಗಿಯಾಗಿ ಹೊಂದುವ ಲಾಂಛನ ಅಪರೂಪ.

ಎಲ್ಲ ಕಡೆ ಅರ್ಥ ಇಷ್ಟು ಸುಲಭವಲ್ಲ. 101ರ ಲಾಂಛನದಲ್ಲಿ ಗೋಪುರದ ತೆನೆಗಳಿಂದ ಅರ್ಧ ಸಿಂಹ ಮೇಲೆದ್ದಿದೆ. ಕೋಟೆ ಕಾವಲು ಎಂದುಕೊಳ್ಳಬೇಡಿ: ಯಂತ್ರಬಲದಿಂದ ತಿರುಗುವ ಬಂದೂಕು ಗೋಪುರವುಳ್ಳ ವಿಮಾನ ಮೊದಲು ಸಿಕ್ಕಿದ್ದು ಈ ಸ್ಕ್ವಾಡ್ರನ್ನಿಗೆ. ಸಿಂಹ 'ರ‍್ಯಾಂಪಂಟ್', ಅಂದರೆ ಹಿಂಗಾಲ ಮೇಲೆ ಎದ್ದ ಭಂಗಿ. 'ಗಾರ್ಡಂಟ್' ಆದ್ದರಿಂದ ಮುಖ ನಮ್ಮತ್ತ.

ಪ್ರಾಣಿಯ ಮೈ ಯಾವ ಕಡೆ? ಬೇರೆ ಹೇಳದಿದ್ದರೆ ಡೆಕ್ಸ್ಟರ್ ಕಡೆಗೆ. ಡೆಕ್ಸ್ಟರ್ ಎಂದರೆ ಬಲ, ಆದರೆ ಗುರಾಣಿ ಹಿಡಿದವನ ಬಲ. ನೋಡುವವರಿಗೆ ಅದು ಎಡ. ಲಾಂಛನ ನಿಮ್ಮ ಎದೆಯ ಮೇಲಿದೆ ಎಂದುಕೊಂಡರೆ ಗೊಂದಲ ಉಳಿಯದು.

ಕಾಲ ಗುರುತಿಸಲು ಕಿರೀಟದ ಕಮಾನು ನೋಡಿ. ನಡುವೆ ತಗ್ಗಿದ್ದರೆ ಸೇಂಟ್ ಎಡ್ವರ್ಡ್ ಕಿರೀಟ, ಎರಡನೇ ಎಲಿಜಬೆತ್ ಕಾಲದ್ದು. ಗುಮ್ಮಟದಂತೆ ಉಬ್ಬಿದ್ದರೆ ಟ್ಯೂಡರ್. ಅದನ್ನು ಕಂಡೊಡನೆ ಹಳೆಯದೆನ್ನುವ ಹಾಗಿಲ್ಲ: 2022ರಲ್ಲಿ ಪಟ್ಟಕ್ಕೆ ಬಂದ ಮೂರನೇ ಚಾರ್ಲ್ಸ್ ಮತ್ತೆ ಆ ರೂಪವನ್ನೇ ಆರಿಸಿಕೊಂಡಿದ್ದಾರೆ.